ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರಿಗೆ ಡಿಕ್ಕಿ ಕ್ಯಾರಿಯರ್: ಬಳ್ಳಾರಿಯ ವೆಲ್ಡಿಂಗ್ ಶೆಡ್ಡಿನಲ್ಲಿ ನಾವೇ ಮಾಡಿಕೊಳ್ಳುವ ಬಗೆ

ಮೇಲ್ಛಾವಣಿ ಮಡಚುವ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ಇಟ್ಟುಕೊಂಡವರಿಗೆ ಊರಿಗೆ ಹೊರಡುವ ಹಿಂದಿನ ರಾತ್ರಿಯ ಪಾಡು ಗೊತ್ತಿರುತ್ತದೆ. ಹಿಂದಿನ ಸೀಟು ಇಲ್ಲ, ಛಾವಣಿಯ ಮೇಲೆ ಕಟ್ಟೋಣವೆಂದರೆ ಛಾವಣಿಯೇ ಬಟ್ಟೆಯದು, ಡಿಕ್ಕಿಯಲ್ಲಿ ಒಂದು ಚೀಲ ಇಟ್ಟರೆ ಎರಡನೆಯದಕ್ಕೆ ಮುಚ್ಚಳ ಕೂರುವುದಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಈ ಬಗೆಯ ಕಾರು ಮಾಜ್ಡಾ ಎಂಎಕ್ಸ್-5. 1989ರಲ್ಲಿ ಹೊರಬಂದ ಆ ಕಾರಿನ ಈಗಿನ ಪೀಳಿಗೆಯಲ್ಲೂ ಡಿಕ್ಕಿಯ ಅಳತೆ ಸುಮಾರು 130 ಲೀಟರ್ ಮಾತ್ರ. ಹಳೆಯ ಇಂಗ್ಲಿಷ್ ಕಾರುಗಳ ಕಾಲದಿಂದಲೂ ಇದಕ್ಕೆ ಜನ ಕಂಡುಕೊಂಡ ದಾರಿ ಒಂದೇ: ಡಿಕ್ಕಿಯ ಮುಚ್ಚಳದ ಮೇಲೆ ಒಂದು ಕ್ಯಾರಿಯರ್. 1962ರಿಂದ 1980ರವರೆಗೆ ತಯಾರಾದ ಎಂಜಿಬಿ ಕಾರಿನ ಹಿಂಭಾಗದಲ್ಲಿ ಕ್ರೋಮ್ ಲೇಪಿಸಿದ ಅಂಥ ಕ್ಯಾರಿಯರ್‌ಗಳನ್ನು ಇಂದಿಗೂ ಚಿತ್ರಗಳಲ್ಲಿ ನೋಡಬಹುದು.

ನಮ್ಮ ಮನೆಯ ಪುಟ್ಟ ಕಾರಿಗೆ ನಾನು ಈವರೆಗೆ ಎರಡು ಕ್ಯಾರಿಯರ್ ಮಾಡಿದ್ದೇನೆ. ಮೊದಲನೆಯದು ನೋಡುವುದಕ್ಕೆ ಬಹಳ ಗಟ್ಟಿಯಾಗಿತ್ತು. ಅದರ ಮೇಲೆ ನಿಂತರೂ ಬಾಗುತ್ತಿರಲಿಲ್ಲ. ಆದರೆ ಮೂರೇ ಪ್ರಯಾಣಗಳಲ್ಲಿ ಮುಚ್ಚಳದ ನಡುವೆ ಅಂಗೈಯಗಲದ ತಗ್ಗು ಬಿತ್ತು, ನಾಲ್ಕು ಕಾಲುಗಳ ಕೆಳಗೆ ಬಣ್ಣ ತಿಂದುಹೋಗಿ ಬೂದು ಪ್ರೈಮರ್ ಕಾಣಿಸಿತು. ಚೌಕಟ್ಟಿನ ಮೇಲೆ ಎರಡು ವಾರ ಕೆಲಸ ಮಾಡಿದ್ದ ನಾನು ಕಾಲುಗಳನ್ನು ಒಂದು ಸಂಜೆಯಲ್ಲಿ ಮುಗಿಸಿದ್ದೆ. ಎರಡನೆಯದನ್ನು ಮಾಡುವಾಗ ಈ ಲೆಕ್ಕವನ್ನು ತಿರುವುಹಾಕಿದೆ. ಕ್ಯಾರಿಯರ್ ಕಾರನ್ನು ಎಲ್ಲಿ ಮುಟ್ಟುತ್ತದೆಯೋ ಅಲ್ಲಿಯೇ ಅದರ ಕೆಲಸವೆಲ್ಲ ಇದೆ ಎಂಬುದು ನನ್ನ ಅನುಭವ, ಮತ್ತು ಮುಂದಿನ ಪುಟಗಳಲ್ಲಿ ಹೆಚ್ಚಿನ ಜಾಗವನ್ನು ನಾನು ಕಾಲುಗಳಿಗೂ ಕೊಕ್ಕೆಗಳಿಗೂ ಕೊಟ್ಟಿರುವುದು ಅದಕ್ಕಾಗಿಯೇ.

ಮುಚ್ಚಳವನ್ನು ಪರೀಕ್ಷಿಸುವುದು

ಪೈಪು ಕೊಳ್ಳುವ ಮೊದಲು ಒಂದು ಅಯಸ್ಕಾಂತವನ್ನು ಹಿಡಿದು ಕಾರಿನ ಹಿಂದೆ ನಿಲ್ಲಿ. ಅಯಸ್ಕಾಂತ ಅಂಟಿದರೆ ಮುಚ್ಚಳ ಉಕ್ಕಿನದು. ಅಂಟದಿದ್ದರೆ ಅಲ್ಯುಮಿನಿಯಂ ಇರಬಹುದು ಅಥವಾ ಫೈಬರ್ ಇರಬಹುದು. ಬೆರಳಿನ ಗೆಣ್ಣಿನಿಂದ ತಟ್ಟಿದಾಗ ಬರುವ ಸದ್ದೇ ಎರಡರ ವ್ಯತ್ಯಾಸವನ್ನು ಹೇಳುತ್ತದೆ. ನಮ್ಮ ದೇಶದಲ್ಲಿಯೇ ತಯಾರಾದ ಎರಡು ಸೀಟಿನ ಸ್ಯಾನ್ ಸ್ಟಾರ್ಮ್ ಕಾರಿನ ಮೈ ಪೂರ್ತಿ ಫೈಬರ್‌ಗ್ಲಾಸಿನದು. ಫೈಬರ್ ಮುಚ್ಚಳವಿದ್ದವರು ಮುಚ್ಚಳದ ಅಂಚನ್ನು ಕೊಕ್ಕೆಗಳಿಂದ ಹಿಡಿಯುವ ವಿಧಾನವನ್ನು ಬಿಟ್ಟು, ಮುಚ್ಚಳದ ಒಳಗೆ ಅಗಲವಾದ ಲೋಹದ ತಗಡನ್ನು ಕೊಟ್ಟು, ಬೋಲ್ಟಿನ ಸುತ್ತ ಬುಷ್ ಎಂಬ ಲೋಹದ ಚಿಕ್ಕ ಕೊಳವೆ ಹಾಕಿ ಬಿಗಿಯಬೇಕಾಗುತ್ತದೆ. ಬುಷ್ ಇಲ್ಲದೆ ಬಿಗಿದರೆ ಫೈಬರ್ ನುಗ್ಗಾಗಿ ತೂತಿನ ಸುತ್ತ ಕೂದಲೆಳೆಯ ಬಿರುಕುಗಳು ಏಳುತ್ತವೆ. ನಾನು ಇಲ್ಲಿ ವಿವರಿಸುತ್ತಿರುವುದು ಲೋಹದ ಮುಚ್ಚಳಕ್ಕೆ, ಒಂದೂ ತೂತು ಕೊರೆಯದೆ ಕೂರಿಸಿ, ಬೇಡವಾದಾಗ ಬಿಚ್ಚಿಡಬಹುದಾದ ಕ್ಯಾರಿಯರ್.

ಇಂಜಿನ್ ಹಿಂದೆ ಇರುವ ಕಾರುಗಳಲ್ಲಿ ಮುಚ್ಚಳದ ಮೇಲಿನ ಸೀಳುಗಳಿಂದ ಬಿಸಿಗಾಳಿ ಹೊರಬರುತ್ತದೆ. ಅಂಥ ಸೀಳುಗಳ ಮೇಲೆ ಸಾಮಾನು ಹೇರಬಾರದು. ಬಳ್ಳಾರಿಯ ಬೇಸಿಗೆಯಲ್ಲಂತೂ ಖಂಡಿತ ಬೇಡ.

ಲೋಹದ ಮುಚ್ಚಳವೆಂದರೆ ಒಂದು ತೆಳು ತಗಡಲ್ಲ, ಎರಡು. ಹೊರಗಿನ ನುಣುಪಾದ ತಗಡು ಉಕ್ಕಿನದಾದರೆ ಸಾಮಾನ್ಯವಾಗಿ 0.7ರಿಂದ 0.8 ಮಿ.ಮೀ. ದಪ್ಪವಿರುತ್ತದೆ, ಒಳಗಡೆ ಏಣುಗಳಿರುವ ಇನ್ನೊಂದು ತಗಡಿರುತ್ತದೆ, ಸುತ್ತಲೂ ಅಂಚಿನಲ್ಲಿ ಹೊರತಗಡನ್ನು ಒಳತಗಡಿನ ಮೇಲೆ ಮಡಚಿ ಒತ್ತಿರುತ್ತಾರೆ. ಸೀರೆಯ ಅಂಚನ್ನು ಮಡಿಸಿ ಹೊಲಿದಂತೆ ಅದು. ಹೀಗಾಗಿ ಮುಚ್ಚಳದ ಬಲ ಅಂಚಿನಲ್ಲಿದೆ ಮತ್ತು ಒಳಏಣುಗಳು ಹಾದುಹೋಗುವ ಗೆರೆಗಳಲ್ಲಿದೆ. ನಡುವಿನ ಬಯಲಿನಲ್ಲಿ ಏನೇನೂ ಇಲ್ಲ. ಡಿಕ್ಕಿಯನ್ನು ತೆರೆದು, ಒಳಗಿನ ಏಣುಗಳು ಎಲ್ಲೆಲ್ಲಿವೆ ಎಂದು ಅಂಚಿನಿಂದ ಅಳೆದು, ಅದೇ ಅಳತೆಗೆ ಹೊರಮೈಯಲ್ಲಿ ಕಾಗದದ ಟೇಪು ಅಂಟಿಸಿಕೊಳ್ಳಿ. ನಾಲ್ಕು ಕಾಲುಗಳೂ ಈ ಟೇಪಿನ ಮೇಲೆಯೇ ಬರಬೇಕು. ನನ್ನ ಮೊದಲ ಕ್ಯಾರಿಯರ್‌ನ ಎರಡು ಕಾಲುಗಳು ಬಯಲಿನಲ್ಲಿದ್ದವು.

ಮುಂದಿನ ಅಳತೆ ಸಂದಿನದು. ಮುಚ್ಚಳ ಮುಚ್ಚಿದಾಗ ಅದರ ಅಂಚಿಗೂ ಕಾರಿನ ಮೈಗೂ ನಡುವೆ ಎಷ್ಟು ಸಂದು ಉಳಿಯುತ್ತದೆ ಎಂಬುದು ತಿಳಿಯದೆ ಕೊಕ್ಕೆಯ ದಪ್ಪವನ್ನು ನಿಶ್ಚಯಿಸುವಂತಿಲ್ಲ. ಮೇಲಿನಿಂದ ಕಾಣುವ ಸಂದು ಒಂದು, ಮುಚ್ಚಳದ ಕೆಳಗೆ ಕೊಕ್ಕೆ ತಿರುಗಿ ಹಿಡಿಯುವ ಜಾಗದ ಸಂದು ಇನ್ನೊಂದು. ಎರಡನೆಯದು ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ನಾನು ಅಡುಗೆಮನೆಯಿಂದ ಚಪಾತಿಯ ಕಣಕ ತಂದೆ. ಗೋಲಿಯಷ್ಟು ಕಣಕವನ್ನು ತೆಳುವಾದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಕೊಕ್ಕೆ ಬರಬೇಕಾದ ನಾಲ್ಕೂ ಕಡೆ ಇಟ್ಟು, ಮುಚ್ಚಳವನ್ನು ಮೆಲ್ಲಗೆ ಒತ್ತಿ ಚಿಲಕ ಕೂರಿಸಿ, ಮತ್ತೆ ತೆರೆದೆ. ಅಪ್ಪಚ್ಚಿಯಾಗಿ ಉಳಿದ ಕಣಕದ ದಪ್ಪವೇ ಸಂದಿನ ದಪ್ಪ. ಅದನ್ನು ಚಾಕುವಿನಿಂದ ನಡುವೆ ಕೊಯ್ದು ವರ್ನಿಯರ್‌ನಲ್ಲಿ ಅಳೆದಾಗ ಹಿಂದಿನ ಅಂಚಿನಲ್ಲಿ 6 ಮಿ.ಮೀ., ಕೀಲಿನ ಕಡೆಯ ಅಂಚಿನಲ್ಲಿ 4 ಮಿ.ಮೀ. ಬಂತು. ಎಂದರೆ 2 ಮಿ.ಮೀ. ಪಟ್ಟಿ ಮತ್ತು ಅದರ ಮೇಲಿನ ರಬ್ಬರ್ ಹೊದಿಕೆ ಎರಡೂ ಸೇರಿ 3 ಮಿ.ಮೀ. ದಾಟುವಂತಿಲ್ಲ. ನೀವು ಕೂಡ ನಾಲ್ಕೂ ಕಡೆ ಬೇರೆ ಬೇರೆಯಾಗಿ ಅಳೆಯಿರಿ, ಏಕೆಂದರೆ ಹಳೆಯ ಕಾರುಗಳಲ್ಲಿ ಎಡಕ್ಕೂ ಬಲಕ್ಕೂ ಒಂದೇ ಸಂದು ಇರುವುದಿಲ್ಲ.

ಭಾರದ ಲೆಕ್ಕ

ಎಷ್ಟು ಹೇರಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿ ಅದಕ್ಕೆ ಅಂಟಿಕೊಳ್ಳಬೇಕು. ನಾನು ಸಾಮಾನಿಗೆ 20 ಕಿ.ಗ್ರಾಂ., ಕ್ಯಾರಿಯರ್‌ಗೆ 5 ಕಿ.ಗ್ರಾಂ., ಒಟ್ಟು 25 ಕಿ.ಗ್ರಾಂ. ಎಂದು ಇಟ್ಟುಕೊಂಡಿದ್ದೇನೆ. ನಿಂತ ಕಾರಿನಲ್ಲಿ 25 ಕಿಲೋ ಏನೂ ಅಲ್ಲ. ಆದರೆ ಗುಂಡಿಗೆ ಬಿದ್ದು ಏಳುವ ಕ್ಷಣದಲ್ಲಿ ಅದೇ ಸಾಮಾನು ಎರಡು ಮೂರು ಪಟ್ಟು ತೂಗುತ್ತದೆ. ಆದ್ದರಿಂದ ಪ್ರತಿಯೊಂದು ಭಾಗವನ್ನೂ 75 ಕಿಲೋಗೆಂದೇ ಮಾಡಬೇಕು.

ಬ್ರೇಕಿನ ಲೆಕ್ಕ ಇದಕ್ಕಿಂತ ಮುಖ್ಯವಾದದ್ದು, ಮತ್ತು ಹೆಚ್ಚಿನವರು ಮರೆಯುವಂಥದ್ದು. ಒಣ ಡಾಂಬರಿನ ಮೇಲೆ ಪೂರ್ತಿ ಬ್ರೇಕ್ ಒತ್ತಿದಾಗ ಸಾಮಾನು ತನ್ನ ತೂಕಕ್ಕೆ ಹತ್ತಿರ ಹತ್ತಿರ ಸಮನಾದ ಬಲದಿಂದ ಮುಂದಕ್ಕೆ ತಳ್ಳುತ್ತದೆ. ಚೀಲದ ತೂಕದ ಕೇಂದ್ರ ಮುಚ್ಚಳದಿಂದ 200 ಮಿ.ಮೀ. ಮೇಲಿದ್ದು, ಮುಂದಿನ ಕಾಲುಗಳು ಆ ಕೇಂದ್ರದಿಂದ 200 ಮಿ.ಮೀ. ಮುಂದಿವೆ ಎಂದುಕೊಳ್ಳಿ. ಆಗ ಮುಂದಕ್ಕೆ ಮಗುಚುವ ಬಲವೂ ಕೆಳಕ್ಕೆ ಒತ್ತುವ ತೂಕವೂ ಸರಿಸಮವಾಗಿ, ಹಿಂದಿನ ಎರಡು ಕಾಲುಗಳ ಮೇಲೆ ಭಾರವೇ ಉಳಿಯುವುದಿಲ್ಲ. ಅದೇ ಹೊತ್ತಿಗೆ ಒಂದು ರಸ್ತೆ ಉಬ್ಬು ಬಂದರೆ ಹಿಂದಿನ ಕಾಲುಗಳು ಮೇಲೇಳುತ್ತವೆ. ಅವನ್ನು ಹಿಡಿದಿಡುವುದು ಹಿಂದಿನ ಕೊಕ್ಕೆಗಳು ಮಾತ್ರ. ಹೀಗಾಗಿ ಚೀಲವನ್ನು ನಿಲ್ಲಿಸದೆ ಮಲಗಿಸಿ ಕಟ್ಟಬೇಕು, ಕ್ಯಾರಿಯರ್ ಆದಷ್ಟು ತಗ್ಗಾಗಿರಬೇಕು, ತಡೆಗಂಬಿಯನ್ನು ಹಿಂದಿನ ಕಡೆಗಲ್ಲ, ಮುಂದಿನ ಕಡೆಗೆ, ಎಂದರೆ ಸೀಟುಗಳ ಕಡೆಗೆ ಕೊಡಬೇಕು. ಚೀಲ ಹಿಂದಕ್ಕೆ ಬಿದ್ದೀತೆಂಬ ಭಯ ಎಲ್ಲರಿಗೂ ಇರುತ್ತದೆ. ಮುಂದಕ್ಕೆ ಬಂದು ಕುತ್ತಿಗೆಗೆ ಬಡಿದೀತೆಂಬ ಯೋಚನೆ ಬರುವುದಿಲ್ಲ.

ಗಾಳಿಯ ವಿಷಯಕ್ಕೆ ಬಂದರೆ, ಗಂಟೆಗೆ 100 ಕಿ.ಮೀ. ವೇಗದಲ್ಲಿ 60 ಸೆಂ.ಮೀ. ಅಗಲ, 30 ಸೆಂ.ಮೀ. ಎತ್ತರದ ಪೆಟ್ಟಿಗೆಯೊಂದಕ್ಕೆ ನೇರವಾಗಿ ಗಾಳಿ ಬಡಿದರೆ ಸುಮಾರು 8 ಕಿಲೋ ತೂಕದಷ್ಟು ಒತ್ತಡ ಬೀಳುತ್ತದೆ. ಛಾವಣಿ ಏರಿಸಿದ್ದರೆ ಅದರ ಮರೆಯಲ್ಲಿ ಈ ಒತ್ತಡ ಕಡಿಮೆಯಾಗುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿಯಾಗುವುದರಿಂದ ಕ್ಯಾರಿಯರ್ ತುಂಬಿದಾಗ ನಾನು 80 ಕಿ.ಮೀ. ದಾಟುವುದಿಲ್ಲ.

ಹಿಂದಿನ ಅಚ್ಚಿನಿಂದ ಅರ್ಧ ಮೀಟರ್ ಹಿಂದೆ 20 ಕಿಲೋ ಕೂತರೆ, 2.3 ಮೀಟರ್ ಗಾಲಿ ಅಂತರದ ಕಾರಿನಲ್ಲಿ ಹಿಂದಿನ ಗಾಲಿಗಳ ಮೇಲೆ 24 ಕಿಲೋಗಿಂತ ಸ್ವಲ್ಪ ಹೆಚ್ಚು ಭಾರ ಬಿದ್ದು, ಮುಂದಿನ ಗಾಲಿಗಳಿಂದ 4 ಕಿಲೋ ಇಳಿಯುತ್ತದೆ. ಹಗುರವಾದ ಕಾರಿನಲ್ಲಿ ತಿರುವಿನಲ್ಲಿ ಇದು ಕೈಗೆ ತಿಳಿಯುತ್ತದೆ. ಭಾರವಾದ ವಸ್ತುಗಳೆಲ್ಲ ಡಿಕ್ಕಿಯ ಒಳಗೆ, ಬಟ್ಟೆಯಂಥ ಹಗುರವಾದವು ಮೇಲೆ ಎಂಬ ಕ್ರಮವನ್ನು ಮುರಿಯಬೇಡಿ.

ಸಾಮಗ್ರಿ

ಬಳ್ಳಾರಿಯಲ್ಲಿ ಕಬ್ಬಿಣಕ್ಕೆ ಬರವಿಲ್ಲ. 19 ಮಿ.ಮೀ. ಹೊರವ್ಯಾಸ, 1.6 ಮಿ.ಮೀ. ದಪ್ಪದ ದುಂಡು ಪೈಪು, ಅಂಗಡಿಯ ಮಾತಿನಲ್ಲಿ ಮುಕ್ಕಾಲಿಂಚು 16 ಗೇಜ್, ಈ ಕೆಲಸಕ್ಕೆ ತಕ್ಕುದು. ಮೀಟರ್‌ಗೆ ಸುಮಾರು 690 ಗ್ರಾಂ. ತೂಗುತ್ತದೆ. ನನ್ನ ಚೌಕಟ್ಟು 850 ಮಿ.ಮೀ. ಅಗಲ, 420 ಮಿ.ಮೀ. ಉದ್ದ, ಸುತ್ತಿಗೆ ಎರಡೂವರೆ ಮೀಟರ್, ನಡುವಿನ ನಾಲ್ಕು ಅಡ್ಡಪಟ್ಟಿಗಳಿಗೆ 1.7 ಮೀಟರ್, ತಡೆಗಂಬಿಗೆ ಒಂದು ಮೀಟರ್, ಕಾಲುಗಳಿಗೆ 40 ಸೆಂ.ಮೀ. ಎಲ್ಲ ಕೂಡಿದರೆ 6 ಮೀಟರ್‌ನ ಒಂದು ಪೈಪಿನಲ್ಲಿ ಮುಗಿಯುತ್ತದೆ, ಪೈಪಿನ ತೂಕ 4 ಕಿಲೋ ಮೀರುವುದಿಲ್ಲ. ಸ್ಟೇನ್‌ಲೆಸ್ ಉಕ್ಕಿನ 304 ದರ್ಜೆಯ ಪೈಪಾದರೆ ತೂಕ ಅಷ್ಟೇ, ಬೆಲೆ ಹೆಚ್ಚು, ಬಣ್ಣದ ಗೊಡವೆಯಿಲ್ಲ. ಅಲ್ಯುಮಿನಿಯಂ ಮೂರನೇ ಒಂದು ಪಾಲಿನಷ್ಟೇ ತೂಗಿದರೂ ಅದನ್ನು ಬೆಸೆಯುವ ಕೈ ಎಲ್ಲ ಶೆಡ್ಡುಗಳಲ್ಲಿ ಸಿಗುವುದಿಲ್ಲ, ಬೆಸೆದ ಜಾಗ ಮೆತ್ತಗಾಗುತ್ತದೆ, ಹಾಗಾಗಿ ಮೊದಲ ಕೆಲಸಕ್ಕೆ ಅದನ್ನು ನಾನು ಸೂಚಿಸುವುದಿಲ್ಲ.

ಜಿಐ ಪೈಪನ್ನು ಮಾತ್ರ ಆದಷ್ಟು ತೆಗೆದುಕೊಳ್ಳಬೇಡಿ. ಅದರ ಮೇಲಿನ ಸತುವಿನ ಲೇಪ ಬೆಸುಗೆಯ ಉರಿಗೆ ಬಿಳಿ ಹೊಗೆಯಾಗಿ ಏಳುತ್ತದೆ. ಅದನ್ನು ಉಸಿರಾಡಿದವರಿಗೆ ರಾತ್ರಿ ಚಳಿ ಜ್ವರ ಬರುತ್ತದೆ. ಬೇರೆ ಪೈಪು ಸಿಗದಿದ್ದರೆ ಬೆಸೆಯುವ ಕಡೆ ಎರಡು ಇಂಚಿನಷ್ಟು ಲೇಪವನ್ನು ಗ್ರೈಂಡರ್‌ನಿಂದ ಉಜ್ಜಿ ತೆಗೆದು, ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಡದೆ ಪಕ್ಕಕ್ಕೆ ನಿಂತು ಕೆಲಸ ಮಾಡಬೇಕು.

ಇನ್ನುಳಿದದ್ದು: ಕಾಲಿಗೆ 4 ಮಿ.ಮೀ. ದಪ್ಪದ ಉಕ್ಕಿನ ತಟ್ಟೆ, ಕೊಕ್ಕೆಗೆ 25 ಮಿ.ಮೀ. ಅಗಲ 2 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಪಟ್ಟಿ, ಎಂ6, ಎಂದರೆ 6 ಮಿ.ಮೀ. ವ್ಯಾಸದ ಬೋಲ್ಟುಗಳು ಮತ್ತು ನೈಲಾನ್ ಉಂಗುರವಿರುವ ನಟ್ಟುಗಳು, ಬಿಸಿಲು ತಾಳುವ ಇಪಿಡಿಎಂ ಎಂಬ ರಬ್ಬರಿನ 6 ಮಿ.ಮೀ. ದಪ್ಪದ ಹಾಳೆ, ಕಾರಿನ ಬಣ್ಣ ಕಾಯುವ ಪಾರದರ್ಶಕ ಫಿಲ್ಮ್.

ರಟ್ಟಿನಿಂದ ಪೈಪಿಗೆ

ಕಾರಿನ ಮೇಲೆ ಎಂದಿಗೂ ಬೆಸುಗೆ ಮಾಡಬೇಡಿ. ಒಂದು ಕಿಡಿ ಸಾಕು ಹಿಂದಿನ ಗಾಜಿನಲ್ಲಿ ಚುಕ್ಕೆ ಸುಡಲು, ಬಟ್ಟೆಯ ಛಾವಣಿಯಲ್ಲಿ ತೂತು ಬೀಳಲು. ಬೆಸುಗೆಯ ಕರೆಂಟು ಕಾರಿನ ಇಲೆಕ್ಟ್ರಾನಿಕ್ಸ್‌ಗೆ ಮಾಡುವ ಹಾನಿ ಬೇರೆ. ಅದರ ಬದಲು ಫ್ರಿಜ್ ಬಂದ ರಟ್ಟಿನ ಪೆಟ್ಟಿಗೆಯನ್ನು ಬಿಡಿಸಿ ಮುಚ್ಚಳದ ಆಕಾರಕ್ಕೆ ಕತ್ತರಿಸಿ, ಕಾಲುಗಳ ಜಾಗ ಗುರುತಿಸಿ, ಆ ರಟ್ಟನ್ನು ಪ್ಲೈವುಡ್ ಹಲಗೆಯ ಮೇಲಿಟ್ಟು ಗೆರೆ ಎಳೆದುಕೊಳ್ಳಿ. ಮುಚ್ಚಳ ಉಬ್ಬಾಗಿರುವುದರಿಂದ ನಾಲ್ಕು ಕಾಲುಗಳ ಎತ್ತರವೂ ಒಂದೇ ಆಗಿರುವುದಿಲ್ಲ. ಮುಚ್ಚಳದ ಮೇಲೆ ಅಡ್ಡವಾಗಿ ಒಂದು ನೇರ ಕೋಲನ್ನು ಹಿಡಿದು, ಟೇಪು ಅಂಟಿಸಿದ ನಾಲ್ಕು ಗುರುತುಗಳಿಂದ ಕೋಲಿನವರೆಗಿನ ಅಂತರವನ್ನು ಬರೆದಿಟ್ಟು, ಅಂತರ ಹೆಚ್ಚಿದ್ದ ಕಡೆ ಅಷ್ಟೇ ತಗ್ಗಾಗಿರುವಂತೆ ಕತ್ತರಿಸಿದ ಮರದ ತುಂಡುಗಳನ್ನು ಹಲಗೆಗೆ ಮೊಳೆ ಹೊಡೆದರೆ ಕಾರಿನ ಬದಲು ಕೆಲಸ ಮಾಡಲು ಒಂದು ಅಚ್ಚು ಸಿದ್ಧವಾದಂತೆ.

ಮೂಲೆಗಳನ್ನು ಬಾಗಿಸಲು ಗ್ರಿಲ್ ಮಾಡುವವರ ಕೈ ಯಂತ್ರ ಸಾಕು. ಬಾಗಿನ ಒಳತ್ರಿಜ್ಯ ಪೈಪಿನ ವ್ಯಾಸದ ಮೂರೂವರೆ ಪಟ್ಟಿಗಿಂತ, ಎಂದರೆ ಸುಮಾರು 66 ಮಿ.ಮೀ.ಗಿಂತ ಕಡಿಮೆಯಾದರೆ ಪೈಪು ಚಪ್ಪಟೆಯಾಗುತ್ತದೆ. ಪೈಪಿನ ಉದ್ದಕ್ಕೂ ಬರುವ ಬೆಸುಗೆಯ ಗೆರೆಯನ್ನು ಬಾಗಿನ ಒಳಗೂ ಹೊರಗೂ ಬರದಂತೆ ಪಕ್ಕಕ್ಕೆ ತಿರುಗಿಸಿಕೊಳ್ಳಿ, ಇಲ್ಲವಾದರೆ ಅಲ್ಲಿ ಸೀಳಬಹುದು. ಯಂತ್ರ ಸಿಗದಿದ್ದರೆ ಹಳೆಯ ಪದ್ಧತಿಯಂತೆ ಜರಡಿ ಹಿಡಿದ ಮರಳನ್ನು ತುಂಬಿ, ಎರಡೂ ತುದಿಗೆ ಮರದ ಬೆಣೆ ಹೊಡೆದು ಬಾಗಿಸಬಹುದು. ಹಗರಿ ಹೊಳೆಯ ಮರಳು ಇದಕ್ಕೆ ಚೆನ್ನ, ಆದರೆ ಬಾಣಲೆಯಲ್ಲಿ ಹುರಿದು ಪೂರ್ತಿ ಒಣಗಿಸಿರಬೇಕು. ಒದ್ದೆ ಮರಳಿರುವ ಪೈಪನ್ನು ಬೆಂಕಿಗೆ ಹಿಡಿದರೆ ಒಳಗಿನ ನೀರು ಹಬೆಯಾಗಿ ಬೆಣೆ ಗುಂಡಿನಂತೆ ಸಿಡಿಯುತ್ತದೆ.

ಬೆಸುಗೆಗೆ ತಂತಿ ತಾನಾಗಿ ಹೊರಬರುವ ಮಿಗ್ ಯಂತ್ರದಲ್ಲಿ 0.8 ಮಿ.ಮೀ. ತಂತಿ ಇದ್ದರೆ ಸುಖ. ನಮ್ಮ ಕಡೆ ಟ್ರ್ಯಾಕ್ಟರ್ ಟ್ರೇಲರ್ ಮಾಡುವ ಶೆಡ್ಡುಗಳಲ್ಲಿ ದಪ್ಪ ಉಕ್ಕಿಗೆ ಒಗ್ಗಿದ ಕೈಗಳಿರುತ್ತವೆ. ಕರೆಂಟು ಜಾಸ್ತಿ ಇಟ್ಟು 1.6 ಮಿ.ಮೀ. ಪೈಪಿಗೆ ತೂತು ಕೆಡವುವುದು ಅಲ್ಲಿ ಸಾಮಾನ್ಯ. ರಾಡಿನ ಬೆಸುಗೆಯಾದರೆ 2.5 ಮಿ.ಮೀ.ನ 6013 ದರ್ಜೆಯ ರಾಡಿನಲ್ಲಿ 60ರಿಂದ 70 ಆಂಪಿಯರ್‌ಗೆ ಇಳಿಸಿ, ಮೊದಲು ಅದೇ ಪೈಪಿನ ತುಂಡುಗಳ ಮೇಲೆ ಪ್ರಯೋಗ ಮಾಡಿಸಿ. ಎಲ್ಲ ಕೂಡುಗಳಿಗೂ ಮೊದಲು ಚುಕ್ಕೆ ಬೆಸುಗೆ ಮಾತ್ರ. ಆಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಿರಿ. ಎರಡರ ವ್ಯತ್ಯಾಸ 2 ಮಿ.ಮೀ.ಗಿಂತ ಹೆಚ್ಚಿದ್ದರೆ ಚೌಕಟ್ಟು ಸೊಟ್ಟ. ಸರಿಪಡಿಸಿಕೊಂಡ ಮೇಲೆ ಒಂದು ಮೂಲೆ, ಅದರ ಎದುರು ಮೂಲೆ ಎಂಬ ಕ್ರಮದಲ್ಲಿ ಪೂರ್ತಿ ಬೆಸೆದರೆ ಬಿಸಿಗೆ ಚೌಕಟ್ಟು ತಿರುಚಿಕೊಳ್ಳುವುದಿಲ್ಲ. ಬೆಸುಗೆಗಾರರು ಅವಸರ ಮಾಡುತ್ತಾರೆ. ಕರ್ಣ ಅಳೆಯುವ ಐದು ನಿಮಿಷವನ್ನು ಮಾತ್ರ ಬಿಟ್ಟುಕೊಡಬೇಡಿ.

ಪ್ರತಿ ಮುಚ್ಚಿದ ಪೈಪಿನ ಕೆಳಭಾಗದಲ್ಲಿ 3 ಮಿ.ಮೀ.ನ ಒಂದು ತೂತು ಬೇಕು. ಒಳಗೆ ಸೇರಿದ ನೀರು ಇಳಿಯಲಿಕ್ಕೂ ಬೇಕು, ಬಣ್ಣದ ಪುಡಿಯನ್ನು ಕಾಯಿಸಿ ಹಿಡಿಸುವ ಪೌಡರ್ ಕೋಟಿಂಗ್ ಒಲೆಯಲ್ಲಿ ಒಳಗಿನ ಗಾಳಿ ಹಿಗ್ಗಿ ಬಣ್ಣದಲ್ಲಿ ಗುಳ್ಳೆ ಏಳದಿರಲಿಕ್ಕೂ ಬೇಕು.

ಕಾಲುಗಳು

ಪೈಪಿನ ತುದಿಗೆ ರಬ್ಬರ್ ಟೊಪ್ಪಿಗೆ ಹಾಕಿ ಕಾಲೆಂದು ಕರೆಯುವುದನ್ನು ನಾನು ಬಹಳ ಕಡೆ ನೋಡಿದ್ದೇನೆ, ನನ್ನ ಮೊದಲ ಕ್ಯಾರಿಯರ್‌ನಲ್ಲೂ ಅದೇ ಇತ್ತು. 75 ಕಿಲೋ ನಾಲ್ಕು ಕಾಲಿಗೆ ಹಂಚಿದರೆ ಒಂದು ಕಾಲಿಗೆ ಸುಮಾರು 19 ಕಿಲೋ. 19 ಮಿ.ಮೀ. ಪೈಪಿನ ತುದಿಯ ವಿಸ್ತೀರ್ಣ ಮೂರು ಚದರ ಸೆಂಟಿಮೀಟರ್ ಕೂಡ ಇಲ್ಲ. ಅಂದಮೇಲೆ ಪ್ರತಿ ಚದರ ಸೆಂಟಿಮೀಟರಿಗೆ ಆರೂವರೆ ಕಿಲೋ ಒತ್ತಡ, ಅದೂ ಮುಕ್ಕಾಲು ಮಿಲಿಮೀಟರ್ ತಗಡಿನ ಮೇಲೆ. ಅದೇ ಕಾಲಿಗೆ 80 ಮಿ.ಮೀ. ಉದ್ದ, 50 ಮಿ.ಮೀ. ಅಗಲದ ತಟ್ಟೆ ಕೊಟ್ಟರೆ ಒತ್ತಡ ಅರ್ಧ ಕಿಲೋಗೆ ಇಳಿಯುತ್ತದೆ. ಹದಿನಾಲ್ಕು ಪಟ್ಟು ವ್ಯತ್ಯಾಸ ಒಂದು ಅಂಗೈ ಅಗಲದ ತಟ್ಟೆಯಿಂದ.

ಆದರೆ ತಟ್ಟೆ ಪೂರ್ತಿಯಾಗಿ ಕೂತರೆ ಮಾತ್ರ ಈ ಲೆಕ್ಕ ನಿಜ. ಮುಚ್ಚಳದ ಉಬ್ಬಿಗೆ ತಕ್ಕಂತೆ ತಟ್ಟೆಯನ್ನೂ ಬಾಗಿಸಬೇಕು. ಇದಕ್ಕೆ ನಾನು ಮುಚ್ಚಳದ ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿ, ತಟ್ಟೆಯನ್ನು ಮೆಲ್ಲಗೆ ಒತ್ತಿ ಎತ್ತಿದೆ. ಪುಡಿ ಎರಡು ಮೂಲೆಗಳಿಗೆ ಮಾತ್ರ ಅಂಟಿತ್ತು. ವೈಸಿನಲ್ಲಿ ಹಿಡಿದು ಮರದ ಸುತ್ತಿಗೆಯಿಂದ ತಟ್ಟುವುದು, ಮತ್ತೆ ಒತ್ತಿ ನೋಡುವುದು, ಮತ್ತೆ ತಟ್ಟುವುದು. ಆರನೆಯ ಸಲಕ್ಕೆ ಪುಡಿ ತಟ್ಟೆಯ ಮುಕ್ಕಾಲು ಭಾಗಕ್ಕೆ ಅಂಟಿತು. ಒಂದು ತಟ್ಟೆಗೆ ಅರ್ಧ ಗಂಟೆ ಹಿಡಿಯಿತು. ಉಳಿದ ಚಿಕ್ಕ ವ್ಯತ್ಯಾಸವನ್ನು 6 ಮಿ.ಮೀ. ರಬ್ಬರ್ ತುಂಬಿಕೊಳ್ಳುತ್ತದೆ. ತಟ್ಟೆಯ ಮೂಲೆಗಳನ್ನು ದುಂಡಗೆ ಉಜ್ಜಿ, ರಬ್ಬರನ್ನು ತಟ್ಟೆಗಿಂತ 5 ಮಿ.ಮೀ. ಹೊರಚಾಚುವಂತೆ ಕತ್ತರಿಸಿ ಅಂಟಿಸಿ. ರಬ್ಬರ್ ಇಪಿಡಿಎಂ ಆಗಿರಲಿ. ಸಾದಾ ರಬ್ಬರ್ ನಮ್ಮ 40 ಡಿಗ್ರಿ ದಾಟುವ ಬಿಸಿಲಿಗೆ ಎರಡು ಬೇಸಿಗೆಯಲ್ಲಿ ಬಿರಿಯುತ್ತದೆ, ಲಾರಿ ಟ್ಯೂಬಿನ ಕರಿ ರಬ್ಬರ್ ತಿಳಿಬಣ್ಣದ ಕಾರಿನ ಮೇಲೆ ಹೋಗದ ಕಲೆ ಬಿಡುತ್ತದೆ.

ಬಣ್ಣವನ್ನು ತಿಂದುಹಾಕುವುದು ರಬ್ಬರ್ ಅಲ್ಲ, ರಬ್ಬರಿನ ಕೆಳಗೆ ಸೇರುವ ಧೂಳು. ಬಳ್ಳಾರಿ, ಸಂಡೂರು, ಹೊಸಪೇಟೆಯ ರಸ್ತೆಗಳಲ್ಲಿ ಓಡಾಡಿದವರಿಗೆ ಅದಿರಿನ ಕೆಂಧೂಳು ಎಲ್ಲೆಲ್ಲಿ ನುಗ್ಗುತ್ತದೆ ಎಂದು ಹೇಳಬೇಕಾಗಿಲ್ಲ. ಅದು ಮಣ್ಣಲ್ಲ, ಕಬ್ಬಿಣದ ಆಕ್ಸೈಡು. ಗಾಜು ಉಜ್ಜಿ ಹೊಳಪು ಕೊಡಲು ಬಳಸುವ ವಸ್ತುವಿನ ಜಾತಿಯದು. ಕಾಲು ಒಂದು ಕೂದಲೆಳೆಯಷ್ಟು ಅಲುಗಿದರೂ ರಬ್ಬರ್ ಮತ್ತು ಧೂಳು ಸೇರಿ ಉಪ್ಪುಕಾಗದವಾಗುತ್ತವೆ. ಹಾಗಾಗಿ ಮೊದಲು ಆ ಜಾಗವನ್ನು ಶಾಂಪೂ ನೀರಿನಿಂದ ತೊಳೆದು, ಒಣಗಿಸಿ, ಕಾಲಿನ ಅಳತೆಗಿಂತ ಎಲ್ಲ ಕಡೆ ಒಂದು ಇಂಚು ದೊಡ್ಡದಾದ ಪಾರದರ್ಶಕ ಫಿಲ್ಮನ್ನು ಮುಚ್ಚಳಕ್ಕೆ ಅಂಟಿಸಿ. ಸವೆಯುವುದೇನಿದ್ದರೂ ಫಿಲ್ಮ್ ಸವೆಯಲಿ. ನಂತರ ಕಾಲು ಅಲುಗದಂತೆ ಕೊಕ್ಕೆ ಬಿಗಿಯಾಗಿರಲಿ.

ಕೊಕ್ಕೆಗಳು

ಎರಡು ಕೊಕ್ಕೆ ಮುಚ್ಚಳದ ಮುಂದಿನ ಅಂಚಿಗೆ, ಎರಡು ಹಿಂದಿನ ಅಂಚಿಗೆ. ಮಡಚಿದ ಅಂಚನ್ನು ಕೆಳಗಿನಿಂದ 15 ಮಿ.ಮೀ.ನಷ್ಟಾದರೂ ಹಿಡಿಯುವಂತೆ ಪಟ್ಟಿಯ ತುದಿಯನ್ನು ಬಾಗಿಸಿ, ಮೇಲಿನ ತುದಿಯಲ್ಲಿ ಉದ್ದನೆಯ ಸೀಳು ಕೊರೆದು, ಕಾಲಿನ ತಟ್ಟೆಗೆ ಬೆಸೆದ ಕಿವಿಗೆ ಎಂ6 ಬೋಲ್ಟಿನಿಂದ ಜೋಡಿಸಿ. ಮುಂದಿನವು ಮುಂದಕ್ಕೂ ಹಿಂದಿನವು ಹಿಂದಕ್ಕೂ ಎಳೆದು, ಮುಚ್ಚಳವನ್ನು ಎರಡು ಕೈಗಳ ನಡುವೆ ತಟ್ಟೆ ಹಿಡಿದಂತೆ ಹಿಡಿಯುತ್ತವೆ. ಕೊಕ್ಕೆಯ ಒಳಬಾಗು ಚೂಪಾಗಿದ್ದರೆ ಅಂಚಿನ ಬಣ್ಣ ಸೀಳಿ ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಬಾಗು ದುಂಡಗಿರಲಿ, ಮೇಲೆ ಅರ್ಧ ಮಿಲಿಮೀಟರಿನ ತೆಳು ರಬ್ಬರ್ ಟೇಪು ಇರಲಿ. ಬೋಲ್ಟನ್ನು 5 ನ್ಯೂಟನ್ ಮೀಟರ್‌ಗಿಂತ ಹೆಚ್ಚು ಬಿಗಿಯಬೇಡಿ. ಚಿಕ್ಕ ಸ್ಪ್ಯಾನರನ್ನು ಎರಡೇ ಬೆರಳಿನಲ್ಲಿ ಹಿಡಿದು ತಿರುಗಿಸಿದಷ್ಟು ಅದು. ಉಕ್ಕಿನ ಎಂ6 ಬೋಲ್ಟು ಅದರ ಎರಡರಷ್ಟು ತಾಳುತ್ತದೆ, ಮುಚ್ಚಳದ ಅಂಚು ತಾಳುವುದಿಲ್ಲ.

ಕೀಲಿನ ಕಡೆಯ ಕೊಕ್ಕೆಗಳಲ್ಲಿ ಒಂದು ಎಚ್ಚರಿಕೆ ಬೇಕು. ಮುಚ್ಚಳ ಮೇಲೇಳುವಾಗ ಆ ಅಂಚು ಕೆಳಕ್ಕೆ ಇಳಿಯುತ್ತದೆ, ಆಗ ಕೊಕ್ಕೆ ಕಾರಿನ ಮೈಗೆ ತಾಗಬಹುದು. ಒಬ್ಬರು ಮುಚ್ಚಳವನ್ನು ಬೆರಳಗಲ ಬೆರಳಗಲವಾಗಿ ಎತ್ತುತ್ತಿರಲಿ, ಇನ್ನೊಬ್ಬರು ಟಾರ್ಚ್ ಹಿಡಿದು ಸಂದಿನಲ್ಲಿ ನೋಡುತ್ತಿರಲಿ. ತಾಗುವುದಾದರೆ ಕೊಕ್ಕೆಯನ್ನು ಬಿಟ್ಟು, ಮುಚ್ಚಳವನ್ನು ಕೀಲಿಗೆ ಹಿಡಿದಿರುವ ಬೋಲ್ಟುಗಳ ಕೆಳಗೆ ತೆಳುವಾದ ಪಟ್ಟಿ ಸೇರಿಸಿ ಅದನ್ನು ಸಂದಿನಿಂದ ಹೊರತರುವುದು ಉತ್ತಮ ದಾರಿ. ಮುಚ್ಚಳದ ಸುತ್ತಲಿನ ನೀರು ತಡೆಯುವ ರಬ್ಬರನ್ನು ಕೊಕ್ಕೆ ತುಳಿಯುತ್ತಿದೆಯೇ ಎಂದು ತಿಳಿಯಲು ಅಲ್ಲೊಂದು ಕಾಗದದ ಚೂರು ಇಟ್ಟು ಮುಚ್ಚಿ ಎಳೆಯಿರಿ. ಕಾಗದ ಸಲೀಸಾಗಿ ಹೊರಬಂದರೆ ಅಲ್ಲಿ ಮಳೆನೀರೂ ಸಲೀಸಾಗಿ ಒಳಗೆ ಬರುತ್ತದೆ.

ಬಣ್ಣ ಮತ್ತು ಪಟ್ಟಿ

ಪೌಡರ್ ಕೋಟಿಂಗ್ ಸಾಮಾನ್ಯ ಬಣ್ಣಕ್ಕಿಂತ ಬಹಳ ಕಾಲ ಬರುತ್ತದೆ. ಕೊಡುವ ಮೊದಲು ಬೆಸುಗೆಯ ಕಿಟ್ಟ ಉಜ್ಜಿ, ಎಣ್ಣೆ ಒರೆಸಿ, ಬೋಲ್ಟಿನ ತೂತುಗಳಿಗೆ ಬಿಸಿ ತಾಳುವ ಟೇಪು ಹಚ್ಚಿಸಿ. ಕಪ್ಪು ಬಣ್ಣ ಚೆಂದ, ಆದರೆ ಏಪ್ರಿಲ್ ಮಧ್ಯಾಹ್ನ ಅದನ್ನು ಬರಿಗೈಯಲ್ಲಿ ಮುಟ್ಟುವಂತಿರುವುದಿಲ್ಲ. ನಾನು ಬೆಳ್ಳಿ ಬೂದು ಆರಿಸಿದೆ.

ಸಾಮಾನು ಕಟ್ಟಲು ಕೊಕ್ಕೆಯಿರುವ ರಬ್ಬರ್ ಹಗ್ಗ ಬೇಡ. ಅದು ಹಿಗ್ಗುತ್ತದೆ, ಹಿಗ್ಗಿದಷ್ಟೂ ಚೀಲ ಕುಣಿಯುತ್ತದೆ. 25 ಮಿ.ಮೀ. ಅಗಲದ ಪಾಲಿಯೆಸ್ಟರ್ ಪಟ್ಟಿಗೆ ಒತ್ತುಬಕಲ್ ಹಾಕಿಸಿಕೊಳ್ಳಿ. ನೈಲಾನ್ ಒದ್ದೆಯಾದಾಗ ಸಡಿಲಗೊಳ್ಳುತ್ತದೆ, ಅಗ್ಗದ ಪಾಲಿಪ್ರೊಪಿಲೀನ್ ಬಿಸಿಲಿಗೆ ಪುಡಿಯಾಗುತ್ತದೆ. ಈ ಒಂದು ವಿಷಯದಲ್ಲಿ ಬಳ್ಳಾರಿಯವರು ಅದೃಷ್ಟವಂತರು: ಜೀನ್ಸ್ ಹೊಲಿಯುವ ಘಟಕಗಳು ನಮ್ಮ ಊರಿನ ಓಣಿ ಓಣಿಗಳಲ್ಲಿವೆ, ಮತ್ತು ಪ್ಯಾಂಟಿನ ಬೆಲ್ಟ್ ಲೂಪಿಗೆ ಒತ್ತೊತ್ತಾಗಿ ಹೊಲಿಗೆ ಹಾಕುವ ಬಾರ್‌ಟ್ಯಾಕ್ ಯಂತ್ರ ಅಲ್ಲಿರುತ್ತದೆ. ಪಟ್ಟಿಯ ತುದಿಯನ್ನು 80 ಮಿ.ಮೀ. ಮಡಚಿ, ದಪ್ಪ ಪಾಲಿಯೆಸ್ಟರ್ ದಾರದಲ್ಲಿ ನಾಲ್ಕು ಸಾಲು ಬಾರ್‌ಟ್ಯಾಕ್ ಹಾಕಿಸಿ. ನನಗೆ ಹಾಕಿಕೊಟ್ಟ ಟೈಲರ್ ಹೊಲಿದ ಮೇಲೆ ಪಟ್ಟಿಯ ಒಂದು ತುದಿಯನ್ನು ಕಾಲಲ್ಲಿ ತುಳಿದು ಇನ್ನೊಂದನ್ನು ಎರಡೂ ಕೈಯಲ್ಲಿ ಎಳೆದು ನೋಡಿ, ಐದನೆಯ ಸಾಲು ತಾನಾಗಿಯೇ ಸೇರಿಸಿದರು.

ಪಟ್ಟಿ ಕಟ್ಟುವಾಗ ಎರಡು ತುದಿಗಳ ನಡುವೆ ಒಂದು ತಿರುವು ಕೊಡಿ. ಚಪ್ಪಟೆಯಾಗಿ ಬಿಗಿದ ಪಟ್ಟಿ ಗಾಳಿಗೆ ತುತ್ತೂರಿಯಂತೆ ಮೊರೆಯುತ್ತದೆ. ತಿರುವಿದ ಪಟ್ಟಿ ಸುಮ್ಮನಿರುತ್ತದೆ. ಚೀಲವನ್ನು ತಾಡಪತ್ರಿಯಲ್ಲಿ ಸುತ್ತುವುದಾದರೆ ಮಡಿಕೆಯ ಬಾಯಿ ಹಿಂದಕ್ಕಿರಲಿ.

ಕಾನೂನು

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. ತೂತು ಕೊರೆಯದ, ಬಿಚ್ಚಿಡಬಹುದಾದ ವಿನ್ಯಾಸವನ್ನು ನಾನು ಆರಿಸಿದ್ದಕ್ಕೆ ಇದೂ ಒಂದು ಕಾರಣ. ಕೆಲಸ ಶುರುಮಾಡುವ ಮೊದಲು ಒಂದು ಚಿತ್ರ ಬರೆದುಕೊಂಡು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ. ಅದೇ ಕಾಯ್ದೆಯ 194(1ಎ) ಸೆಕ್ಷನ್ ಪ್ರಕಾರ ಸಾಮಾನು ಮಿತಿ ಮೀರಿ ಪಕ್ಕಕ್ಕೋ ಹಿಂದಕ್ಕೋ ಮೇಲಕ್ಕೋ ಚಾಚಿದ್ದರೆ 20,000 ರೂಪಾಯಿ ದಂಡವಿದೆ. ನಂಬರ್ ಪ್ಲೇಟು, ಹಿಂದಿನ ದೀಪಗಳು, ಮುಚ್ಚಳದ ಮೇಲಿನ ಮೂರನೆಯ ಬ್ರೇಕ್ ದೀಪ ಇವುಗಳಲ್ಲಿ ಯಾವುದೂ ಮರೆಯಾಗಬಾರದು. ಕತ್ತಲಾದ ಮೇಲೆ ಕಾರಿನ ಹಿಂದೆ ಇಪ್ಪತ್ತು ಹೆಜ್ಜೆ ನಡೆದು ನಿಂತು, ಇನ್ನೊಬ್ಬರಿಗೆ ಬ್ರೇಕ್ ಒತ್ತಲು ಹೇಳಿ ನೋಡಿದರೆ ಎಲ್ಲವೂ ತಿಳಿಯುತ್ತದೆ.

ಪರೀಕ್ಷೆ

ಮೊದಲ ಪರೀಕ್ಷೆ ಕಾರಿನ ಮೇಲಲ್ಲ. ಅಚ್ಚಿಗೆಂದು ಮಾಡಿದ ಹಲಗೆಯ ಮೇಲೆಯೇ ಕ್ಯಾರಿಯರ್ ಕೂರಿಸಿ, 25 ಕಿಲೋದ ಮೂರು ಸೋನಾಮಸೂರಿ ಚೀಲಗಳನ್ನು ಒಂದರ ಮೇಲೊಂದು ಹೇರಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಚೀಲ ಇಳಿಸಿ, ನೇರ ಕೋಲನ್ನು ಅಡ್ಡಪಟ್ಟಿಗಳ ಮೇಲಿಟ್ಟು ಬೆಳಕು ಹಾಯುವ ಸಂದು ಎಲ್ಲಾದರೂ ಇದೆಯೇ ನೋಡಿ, ಪ್ರತಿಯೊಂದು ಬೆಸುಗೆಯ ಬುಡದಲ್ಲೂ ಉಗುರು ಎಳೆದು ನೋಡಿ. ಬಿರುಕು ಕಣ್ಣಿಗಿಂತ ಮೊದಲು ಉಗುರಿಗೆ ಸಿಗುತ್ತದೆ.

ಎರಡನೆಯದು ಊರೊಳಗೆ, 10 ಕಿಲೋ ಸಾಮಾನಿನೊಂದಿಗೆ ಐದು ಕಿಲೋಮೀಟರ್. ಹೊರಡುವ ಮೊದಲು ಪ್ರತಿ ಕಾಲಿನ ಸುತ್ತ ಫಿಲ್ಮಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದಿರಬೇಕು. ಹಿಂದಿರುಗಿದಾಗ ಕಾಲು ಗೆರೆಯಿಂದ ಸರಿದಿದ್ದರೆ ಕೊಕ್ಕೆಯ ಸೀಳಿನಲ್ಲಿ ಬೋಲ್ಟು ಜಾರಿದೆ ಎಂದರ್ಥ. ಹೆಚ್ಚು ಬಿಗಿಯುವ ಬದಲು ಸೀಳಿನ ಕೆಳಗೆ ಹಲ್ಲಿರುವ ವಾಷರ್ ಹಾಕಿ.

ಮೂರನೆಯದು ಹೆದ್ದಾರಿ. ನಾನು ಪೂರ್ತಿ 20 ಕಿಲೋ ಕಟ್ಟಿಕೊಂಡು ಹೊಸಪೇಟೆಯ ದಾರಿ ಹಿಡಿದೆ. ಸರಿಸುಮಾರು ಅರ್ಧ ದಾರಿಯ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಲಾರಿಗಳ ಸಾಲನ್ನು ದಾಟಿದ ಮೇಲೆ ನಿಲ್ಲಿಸಿ ನೋಡಿದಾಗ ಗೆರೆಗಳು ಗೆರೆಗಳಲ್ಲೇ ಇದ್ದವು, ಹಿಂದಿನ ಬಲ ಬೋಲ್ಟು ಮಾತ್ರ ಕಾಲು ಸುತ್ತು ಬಿಗಿ ತೆಗೆದುಕೊಂಡಿತು. ಹೊಸ ರಬ್ಬರ್ ಮೊದಲ ಸಲ ಭಾರ ಹೊತ್ತಾಗ ಸ್ವಲ್ಪ ಕುಗ್ಗುವುದರಿಂದ ಹೀಗಾಗುವುದು ಸಹಜ. ಮೊದಲ ಪ್ರಯಾಣದಲ್ಲಿ 30 ಕಿಲೋಮೀಟರಿಗೊಮ್ಮೆ, ಆಮೇಲೆ ಪ್ರತಿ ಸಲ ಹೊರಡುವ ಮುನ್ನ ಒಮ್ಮೆ ನೋಡಿದರೆ ಸಾಕು.

ಸಾಮಾನು ಇರುವಾಗ ಡಿಕ್ಕಿ ತೆರೆಯಬಾರದು. ಮುಚ್ಚಳವನ್ನು ಎತ್ತಿಹಿಡಿಯುವ ಸ್ಪ್ರಿಂಗ್ ಅಥವಾ ಗ್ಯಾಸ್ ದಂಡ ಇರುವುದು ಬರಿ ಮುಚ್ಚಳದ ತೂಕಕ್ಕೆ. ಮೇಲೆ 5 ಕಿಲೋ ಕ್ಯಾರಿಯರ್ ಕೂತರೂ ಅದು ಕೈಮೇಲೆ ಬೀಳಬಹುದು, ಹಾಗಾಗಿ ಡಿಕ್ಕಿಯಲ್ಲಿ ಆನಿಕೆಗೆ ಒಂದು ಕೋಲು ಇಟ್ಟುಕೊಳ್ಳಿ. ಊರಿಗೆ ಮರಳಿದ ದಿನವೇ ನಾಲ್ಕು ಬೋಲ್ಟು ಸಡಿಲಿಸಿ ಕ್ಯಾರಿಯರ್ ಇಳಿಸಿ, ಕಾಲುಗಳ ರಬ್ಬರನ್ನೂ ಮುಚ್ಚಳದ ಫಿಲ್ಮನ್ನೂ ನೀರು ಸುರಿದು ತೊಳೆಯಿರಿ. ಒಣಬಟ್ಟೆಯಿಂದ ಒರೆಸಬೇಡಿ, ಮೊದಲು ನೀರು. ಹಂಪಿಯಿಂದ ಬಂದ ಸಂಜೆ ನಾನು ತೊಳೆದಾಗ ಮೊದಲ ಚೊಂಬಿನ ನೀರು ಕಾಲುಗಳ ಕೆಳಗಿನಿಂದ ಕುಂಕುಮ ಕದಡಿದಂತೆ ಇಳಿಯಿತು; ಮೂರನೆಯ ಚೊಂಬಿಗೆ ತಿಳಿಯಾಯಿತು, ಫಿಲ್ಮಿನ ಕೆಳಗಿನ ಬಣ್ಣ ಹಾಗೆಯೇ ಇತ್ತು.